ಎಫ್‌ಡಿ ಎಂದು ಹೇಳಿ ಪಿಂಚಣಿ ಪಾಲಿಸಿ ಮಾಡಿಸಿದ್ದಾರೆ: ಅಪ್ಪನ ಹಣ ಮರಳಿ ಪಡೆಯುವ ದಾರಿ ಯಾವುದು?

ಜೇವರ್ಗಿ ರಸ್ತೆ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮ ಅಪ್ಪ ಚಿತ್ತಾಪುರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಮುಖ್ಯಗುರುಗಳಾಗಿದ್ದು 2023ರ ಮೇ ಕೊನೆಯಲ್ಲಿ ನಿವೃತ್ತರಾದರು. ನಿವೃತ್ತಿಯ ಹಣ ಖಾತೆಗೆ ಜಮೆಯಾದ ಮೇಲೆ, ಜುಲೈ ತಿಂಗಳಲ್ಲಿ, ಅದರಲ್ಲಿ 3 ಲಕ್ಷ ರೂಪಾಯಿಯನ್ನು ಎಫ್‌ಡಿ ಇಡಬೇಕೆಂದು ತಮ್ಮ ಪಿಂಚಣಿ ಬರುವ ಬ್ಯಾಂಕಿಗೇ ಹೋದರು. ಅಲ್ಲಿದ್ದ ಒಬ್ಬ ಯುವಕ ಅವರನ್ನು ಒಳಗೆ ಕೂರಿಸಿ, ಚಹಾ ತರಿಸಿ, "ಸರ್, ಇದು ಎಫ್‌ಡಿ ಇದ್ದಂಗೇ ಅದ, ಬಡ್ಡಿ ಜಾಸ್ತಿ ಬರ್ತದ, ಮ್ಯಾಲ ಸಾಯೋತನಕ ಪಿಂಚಣಿ" ಎಂದು ಹೇಳಿ ಹತ್ತಾರು ಕಡೆ ಸಹಿ ಮಾಡಿಸಿಕೊಂಡನಂತೆ. ಮಾರನೆಯ ದಿನ ಕಂಪನಿಯಿಂದ ಫೋನ್ ಬರುತ್ತದೆ, ಏನು ಕೇಳಿದರೂ ಹೌದು ಎನ್ನಿ, ಇಲ್ಲವಾದರೆ ಅರ್ಜಿ ತಿರಸ್ಕೃತವಾಗುತ್ತದೆ ಎಂದೂ ಹೇಳಿಕೊಟ್ಟಿದ್ದ. ಅಪ್ಪ ಹಾಗೆಯೇ ಹೌದು ಎಂದಿದ್ದಾರೆ.

2024ರ ಜುಲೈನಲ್ಲಿ ಖಾತೆಯಿಂದ ಇನ್ನೊಂದು 3 ಲಕ್ಷ ತಾನಾಗಿಯೇ ಕಡಿತವಾಗಿದ್ದನ್ನು ಅಪ್ಪ ಹೊಸ ಎಫ್‌ಡಿ ಎಂದೇ ತಿಳಿದರು. 2025ರ ಜುಲೈನಲ್ಲಿ ಖಾತೆಯಲ್ಲಿ ಅಷ್ಟು ಹಣ ಇರದ ಕಾರಣ ಕಡಿತ ವಿಫಲವಾಗಿ, ದಂಡ ಬಿದ್ದಾಗ ಮಾತ್ರ ನಾನು ಕಾಗದಗಳನ್ನು ನೋಡಿದೆ. ಅದು ಎಫ್‌ಡಿ ಅಲ್ಲ. ವರ್ಷಕ್ಕೆ 3 ಲಕ್ಷದಂತೆ 10 ವರ್ಷ ಕಟ್ಟಬೇಕಾದ, ಆಮೇಲೆ ಪಿಂಚಣಿ ಆರಂಭವಾಗುವ ವಿಮಾ ಪಾಲಿಸಿ. ಅಪ್ಪನ ಪಿಂಚಣಿ ತಿಂಗಳಿಗೆ ಸುಮಾರು 34 ಸಾವಿರ. ಅದರಲ್ಲಿ 3 ಲಕ್ಷದ ಕಂತು ಕಟ್ಟಿ ಉಳಿದದ್ದರಲ್ಲಿ ಅವರು ಬದುಕುವುದು ಹೇಗೆ? ಕಂಪನಿಯ ಕಚೇರಿಗೆ ಹೋದರೆ, ಈಗ ಸರೆಂಡರ್ ಮಾಡಿದರೆ 6 ಲಕ್ಷಕ್ಕೆ ಸುಮಾರು 2 ಲಕ್ಷ 10 ಸಾವಿರ ಬರುತ್ತದೆ ಎನ್ನುತ್ತಾರೆ. ಅಪ್ಪ ರಾತ್ರಿ ನಿದ್ದೆ ಮಾಡುತ್ತಿಲ್ಲ. ಬಂದಷ್ಟು ಬರಲಿ ಎಂದು ಸರೆಂಡರ್ ಅರ್ಜಿಗೆ ಸಹಿ ಹಾಕಲು ಹೊರಟಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಆಳಂದದ ನಿವೃತ್ತ ಬ್ಯಾಂಕ್ ನೌಕರ

ತಂಗಿ, ಮೊದಲು ಅಪ್ಪಾಜಿಯವರ ಕೈ ಹಿಡಿದು ನಿಲ್ಲಿಸಿ. ಸರೆಂಡರ್ ಅರ್ಜಿಗೆ ಯಾವ ಕಾರಣಕ್ಕೂ ಸಹಿ ಮಾಡಬಾರದು. ಸರೆಂಡರ್ ಎಂದರೆ, ಪಾಲಿಸಿ ಸರಿಯಾಗಿಯೇ ಇತ್ತು, ನಾನೇ ಅರ್ಧಕ್ಕೆ ಬಿಡುತ್ತಿದ್ದೇನೆ ಎಂದು ಒಪ್ಪಿಕೊಂಡಂತೆ. ಜೊತೆಗೆ ಪೂರ್ಣ ಬಾಕಿ ತೀರಿದೆ ಎಂಬ ರಸೀದಿಗೂ ಸಹಿ ಪಡೆಯುತ್ತಾರೆ, ಆಮೇಲೆ ಎಲ್ಲಿ ಹೋದರೂ ಅದೇ ಕಾಗದವನ್ನು ನಿಮ್ಮ ಮುಂದೆ ಹಿಡಿಯುತ್ತಾರೆ. ನೀವು ಕೇಳಬೇಕಾದದ್ದು, ಸುಳ್ಳು ಹೇಳಿ ಮಾಡಿಸಿದ ಪಾಲಿಸಿಯನ್ನು ಆರಂಭದಿಂದಲೇ ರದ್ದು ಮಾಡಿ ಕಟ್ಟಿದ ಪೂರ್ತಿ ಹಣವನ್ನು ಹಿಂದಿರುಗಿಸಬೇಕು ಎಂದು.

ನಾನು ಮೂವತ್ತು ವರ್ಷ ಕೌಂಟರಿನ ಆ ಕಡೆ ಕೂತವನು. ಬ್ಯಾಂಕು ವಿಮಾ ಕಂಪನಿಯ ಏಜೆಂಟ್ ಆಗಿ ಪಾಲಿಸಿ ಮಾರುತ್ತದೆ, ಅದಕ್ಕೆ ಕಮಿಷನ್ ಬರುತ್ತದೆ, ಪ್ರತಿವರ್ಷ ಕಟ್ಟುವ ಪಾಲಿಸಿಯ ಮೊದಲ ವರ್ಷದ ಕಮಿಷನ್ ಒಂದೇ ಸಲ ಕಟ್ಟುವ ಪಾಲಿಸಿಗಿಂತ ಹೆಚ್ಚು. ಗುರಿ ಮುಟ್ಟದ ಶಾಖೆಯ ಮೇಲೆ ಮೇಲಿನಿಂದ ಬರುವ ಒತ್ತಡವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಒತ್ತಡ ಕೊನೆಗೆ ಬಂದು ಬೀಳುವುದು ಕೈಯಲ್ಲಿ ಗ್ರಾಚ್ಯುಟಿ ಹಿಡಿದು ಬಂದ ಹಿರಿಯರ ಮೇಲೆ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ.

ಕಂಪನಿಗೆ ಒಂದು ಪತ್ರ ಬರೆದು ಮೂರು ವಸ್ತುಗಳನ್ನು ಕೇಳಿ: ಅಪ್ಪಾಜಿ ಸಹಿ ಮಾಡಿದ ಪ್ರಸ್ತಾವನೆ ಅರ್ಜಿಯ ಪೂರ್ತಿ ಪ್ರತಿ, ಲಾಭದ ಅಂದಾಜು ಪಟ್ಟಿಯ ಪ್ರತಿ, ಮತ್ತು ಪಾಲಿಸಿ ಕೊಡುವ ಮುನ್ನ ಮಾಡಿದ ಪರಿಶೀಲನಾ ಕರೆಯ ಧ್ವನಿಮುದ್ರಣ. ಅರ್ಜಿಯ ಪ್ರತಿಯನ್ನು ಪಾಲಿಸಿದಾರರಿಗೆ ಉಚಿತವಾಗಿ ಕೊಡಬೇಕಾದುದು ಅವರ ಕರ್ತವ್ಯ. ಅರ್ಜಿಯಲ್ಲಿ ಮಾರಿದ ನೌಕರನ ಕೋಡ್ ಸಂಖ್ಯೆಯೂ ಇರುತ್ತದೆ. ಇವು ಕೈಗೆ ಬರುವವರೆಗೆ ಸಿಟ್ಟಿನ ದೂರು ಬರೆಯಬೇಡಿ.

ಬೀದರ್, ವಿಮಾ ಪ್ರತಿನಿಧಿ

ಅಕ್ಕನವರೇ, ನಾನು ಇದೇ ವೃತ್ತಿಯಲ್ಲಿರುವುದರಿಂದ ಇನ್ನೊಂದು ಮಗ್ಗುಲನ್ನು ಹೇಳಬೇಕಾಗಿದೆ. ಪಿಂಚಣಿ ಪಾಲಿಸಿಗಳೆಲ್ಲ ಮೋಸವಲ್ಲ. ಖಾಸಗಿ ಕೆಲಸದಲ್ಲಿರುವ ಮೂವತ್ತೈದರ ವ್ಯಕ್ತಿ ತನ್ನ ಮುಪ್ಪಿಗಾಗಿ ವರ್ಷವರ್ಷ ಕಟ್ಟುತ್ತ ಹೋದರೆ ಅದರಲ್ಲಿ ಅರ್ಥವಿದೆ. ಆದರೆ ಸಹಿ ಇದ್ದ ಮೇಲೆ, ಓದಿಯೇ ಸಹಿ ಮಾಡಿದ್ದಾರೆ ಎಂದು ಕಂಪನಿ ಖಂಡಿತ ವಾದಿಸುತ್ತದೆ, ಅದೂ ನಿಮ್ಮ ತಂದೆಯವರು ಓದು ಬಲ್ಲ ಗುರುಗಳು. ಪಾಲಿಸಿ ಕೈಗೆ ಬಂದ ಮೇಲೆ ಬೇಡವೆನ್ನಲು ಆಗ 15 ದಿನಗಳ ಅವಕಾಶವಿತ್ತು. ವಿದ್ಯುನ್ಮಾನ ರೂಪದ ಪಾಲಿಸಿಗೆ 30 ದಿನ. 2024ರ ನಿಯಮಗಳ ನಂತರ ಎಲ್ಲದಕ್ಕೂ 30 ದಿನವಾಗಿದೆ. ಎರಡು ವರ್ಷ ಸುಮ್ಮನಿದ್ದು ಈಗೇಕೆ ಎಂಬ ಪ್ರಶ್ನೆಗೆ ಉತ್ತರ ಸಿದ್ಧಪಡಿಸಿಕೊಳ್ಳಿ.

ಆಳಂದದ ನಿವೃತ್ತ ಬ್ಯಾಂಕ್ ನೌಕರ

ಬೀದರ್‌ನ ತಮ್ಮ ಹೇಳಿದ್ದು ಸರಿಯಾದ ಎಚ್ಚರಿಕೆಯೇ. ಆದರೆ ಆ ಅವಧಿ ಎಣಿಕೆಯಾಗುವುದು ಪಾಲಿಸಿ ಕೈಗೆ ತಲುಪಿದ ದಿನದಿಂದ. ತಲುಪಿತು ಎಂಬುದಕ್ಕೆ ಆಧಾರ ತೋರಿಸಬೇಕಾದವರು ಕಂಪನಿಯವರು. ಅಂಚೆಯಲ್ಲಿ ಬಂದಿತೇ, ಯಾರು ಸಹಿ ಮಾಡಿ ಪಡೆದರು, ಎಂಬುದನ್ನೂ ಆ ಪತ್ರದಲ್ಲೇ ಕೇಳಿ ತಂಗಿ.

ಇನ್ನೊಂದು ಮಾತು. ನಿಮ್ಮ ತಂದೆ 2006ರ ಏಪ್ರಿಲ್‌ಗಿಂತ ಮೊದಲು ಸೇವೆಗೆ ಸೇರಿದವರಾದ್ದರಿಂದ ಅವರಿಗೆ ಹಳೆಯ ಪಿಂಚಣಿಯೇ ಬರುತ್ತಿದೆ, ತುಟ್ಟಿಭತ್ಯೆ ಸಹಿತ, ಬದುಕಿರುವವರೆಗೆ. ಅಂಥವರಿಗೆ ಎಪ್ಪತ್ತು ದಾಟಿದ ಮೇಲೆ ಶುರುವಾಗುವ ಇನ್ನೊಂದು ಪಿಂಚಣಿಯ ಅಗತ್ಯ ಏನಿತ್ತು? ನನ್ನ ಲೆಕ್ಕದಲ್ಲಿ ನಿಮ್ಮ ದೂರಿನ ಬೆನ್ನೆಲುಬು ಇದೇ ಪ್ರಶ್ನೆ.

ಯಾದಗಿರಿ

ಈ ಮಾತು ಇಲ್ಲಿ ಹೇಳಲೇಬೇಕು, ನನ್ನ ಚಿಕ್ಕಮ್ಮ ಎರಡು ಸಲ ಮೋಸ ಹೋದವರು. ಚಿಕ್ಕಪ್ಪ ತೀರಿಕೊಂಡ ಮೇಲೆ ಬಂದ ಹಣದಲ್ಲಿ ಅವರಿಗೂ ಹೀಗೆಯೇ ಪಾಲಿಸಿ ಮಾಡಿಸಿದ್ದರು, ಹೆಬ್ಬೆಟ್ಟು ಒತ್ತಿಸಿಕೊಂಡು. ಅದು ನಿಂತುಹೋದ ಕೆಲ ತಿಂಗಳಿಗೆ ದಿಲ್ಲಿಯ ಕಡೆಯಿಂದ ಒಬ್ಬ ಹೆಂಗಸು ಫೋನ್ ಮಾಡಿ, ತಾನು ವಿಮಾ ಪ್ರಾಧಿಕಾರದವಳು, ನಿಮ್ಮ ಪಾಲಿಸಿಯ ಮೇಲೆ ಬೋನಸ್ ಬಿದ್ದಿದೆ, ಅದು ಬಿಡುಗಡೆಯಾಗಬೇಕಾದರೆ 45 ಸಾವಿರದ ಇನ್ನೊಂದು ಪಾಲಿಸಿ ಮಾಡಿಸಬೇಕು ಎಂದಳು. ಚಿಕ್ಕಮ್ಮ ಕೊರಳಲ್ಲಿದ್ದ ಬೋರಮಾಳವನ್ನು ಅಡವಿಟ್ಟು ಕಳಿಸಿದರು. ಆ ಪ್ರಾಧಿಕಾರ, ಅಂದರೆ ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ, ಯಾರಿಗೂ ಪಾಲಿಸಿ ಮಾರುವುದಿಲ್ಲ, ಬೋನಸ್ ಕೊಡುವುದಿಲ್ಲ, ಅದಕ್ಕಾಗಿ ಫೋನ್ ಮಾಡುವುದಿಲ್ಲ ಎಂದು ನಮಗೆ ತಿಳಿದದ್ದು ಆಮೇಲೆ. ಅಕ್ಕಾರೆ, ನಿಮ್ಮ ಅಪ್ಪನವರ ಪಾಲಿಸಿ ನಿಂತ ಸುದ್ದಿ ಅಂಥವರಿಗೆ ಹೇಗೋ ತಲುಪುತ್ತದೆ. ಅಪರಿಚಿತ ಕರೆ ಬಂದರೆ ನಿಮಗೇ ಕೊಡಲು ಹೇಳಿ.

ಬೀದರ್, ವಕೀಲೆ

ದಾರಿಗಳು ಯಾವುವು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ತಪ್ಪು ಬಾಗಿಲನ್ನು ಮೊದಲು ತಟ್ಟಿ ಅವಧಿ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೇ ಹೋಗಬೇಕು, ಲಿಖಿತವಾಗಿ, ಸ್ವೀಕೃತಿಯೊಂದಿಗೆ. ಅದನ್ನೇ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿಯೂ ದಾಖಲಿಸಬಹುದು, 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು. ಅಲ್ಲಿ ದಾಖಲಾದರೆ ಟೋಕನ್ ಸಂಖ್ಯೆ ಸಿಗುತ್ತದೆ, ಕಂಪನಿ ಕಾಗದ ಬಂದೇ ಇಲ್ಲ ಎನ್ನಲು ಬರುವುದಿಲ್ಲ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಾಗಿರದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಬಳಿ, ಅಂದರೆ ಇಂಥ ದೂರುಗಳನ್ನು ಕೇಳಿ ತೀರ್ಮಾನಿಸುವ ಅಧಿಕಾರಿಯ ಬಳಿ, ಹೋಗಬಹುದು. ಇಡೀ ಕರ್ನಾಟಕಕ್ಕೆ ಅದೇ ಕಚೇರಿ. 2017ರ ವಿಮಾ ಒಂಬುಡ್ಸ್‌ಮನ್ ನಿಯಮಗಳ ಪ್ರಕಾರ ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ವಿಚಾರಣೆ ವೀಡಿಯೊ ಮೂಲಕವೂ ನಡೆಯುತ್ತದೆ, ಆದ್ದರಿಂದ ಅಪ್ಪನವರನ್ನು ರಾತ್ರಿ ರೈಲಿನಲ್ಲಿ ಕರೆದೊಯ್ಯಬೇಕಾಗಿಲ್ಲ. ಅವರು ಕೊಡುವ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, 30 ದಿನಗಳಲ್ಲಿ ಪಾಲಿಸಬೇಕು. ಪರಿಹಾರದ ಮಿತಿ 50 ಲಕ್ಷ, ಆದರೆ ನಿಜವಾದ ನಷ್ಟಕ್ಕಿಂತ ಹೆಚ್ಚು ಕೊಡುವಂತಿಲ್ಲ.

ಎರಡನೆಯದು ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಕಲಬುರಗಿಯಲ್ಲೇ ದೂರು ಹಾಕಬಹುದು. ಕಟ್ಟಿದ ಹಣ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ಅಲ್ಲಿ ಬ್ಯಾಂಕ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಮಾನಸಿಕ ಯಾತನೆಗೂ ಪರಿಹಾರ ಕೇಳಬಹುದು. ಒಂಬುಡ್ಸ್‌ಮನ್ ಬಳಿ ಅದಕ್ಕೆ ಅವಕಾಶ ಕಡಿಮೆ. ಆದರೆ ಆಯೋಗದಲ್ಲಿ ಸಮಯ ಹೆಚ್ಚು ಹಿಡಿಯುತ್ತದೆ, ಮತ್ತು ವ್ಯಾಜ್ಯಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಕಂಪನಿ 2023ರ ಜುಲೈನಿಂದ ಎಣಿಸಿ ಅವಧಿ ಮುಗಿದಿದೆ ಎನ್ನುತ್ತದೆ. ನೀವು ಮೋಸ ತಿಳಿದ 2025ರ ಜುಲೈನಿಂದ ಎಣಿಸಬೇಕೆಂದು ಹೇಳಿ, ಜೊತೆಗೆ ವಿಳಂಬ ಮನ್ನಾ ಅರ್ಜಿಯನ್ನೂ ಇಡಬೇಕು.

ಮೂರನೆಯದು ಬ್ಯಾಂಕಿನ ನಡವಳಿಕೆಯ ಬಗ್ಗೆ, 2021ರ ನವೆಂಬರ್ 12ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಏಕೀಕೃತ ಒಂಬುಡ್ಸ್‌ಮನ್ ಯೋಜನೆ. ನಿಮ್ಮ ಹಣ ಇರುವುದು ವಿಮಾ ಕಂಪನಿಯ ಬಳಿ, ಹಾಗಾಗಿ ಇದನ್ನು ನಾನು ಮೊದಲ ಬಾಗಿಲಾಗಿ ಹೇಳುವುದಿಲ್ಲ. ಒಂದೇ ವಿಷಯವನ್ನು ಏಕಕಾಲಕ್ಕೆ ಎರಡು ಕಡೆ ನಡೆಸಲು ಹೋದರೆ ಎರಡೂ ಕಡೆ ಬಾಗಿಲು ಮುಚ್ಚೀತು. ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣಕ್ಕೆ ವಿಮಾ ಒಂಬುಡ್ಸ್‌ಮನ್ ಸರಿಯಾದ ಜಾಗ. ಅಲ್ಲಿಯ ಆದೇಶ ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ದಾರಿ ಉಳಿದಿರುತ್ತದೆ, ಆ ಅವಧಿ ಮೀರದಂತೆ ಲೆಕ್ಕ ಇಟ್ಟುಕೊಳ್ಳಿ.

ಯಾದಗಿರಿಯ ಸಹೋದರರೇ, ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿ. ಆ ಎರಡನೆಯ ಮೋಸದ ಬಗ್ಗೆ ಪೊಲೀಸ್ ದೂರು ಬೇರೆಯೇ ಆಗಬೇಕು.

ಜೇವರ್ಗಿ ರಸ್ತೆ, ಕಲಬುರಗಿ

ಹತ್ತೊಂಬತ್ತು ದಿನಗಳ ನಂತರ ಅರ್ಜಿಯ ಪ್ರತಿ ಬಂದಿದೆ. ಅಪ್ಪ ಮತ್ತು ನಾನು ಊಟದ ಮೇಲೆ ಎಂಟೂ ಪುಟಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆವು. ಬಣ್ಣದ ಪ್ರತಿಯಾದ್ದರಿಂದ ಒಂದು ಸಂಗತಿ ಎದ್ದು ಕಾಣುತ್ತದೆ: ಅಪ್ಪನ ಸಹಿ ಎಲ್ಲ ಕಡೆ ನೀಲಿ ಶಾಯಿಯಲ್ಲಿದೆ, ಉಳಿದ ಬರಹವೆಲ್ಲ ಕಪ್ಪು ಶಾಯಿಯಲ್ಲಿ, ಬೇರೆಯವರ ಅಕ್ಷರದಲ್ಲಿದೆ. ವೃತ್ತಿಯ ಮುಂದೆ ವ್ಯಾಪಾರ ಎಂದಿದೆ. ವಾರ್ಷಿಕ ಆದಾಯ 12 ಲಕ್ಷ ಎಂದಿದೆ. ನಲವತ್ತು ವರ್ಷದ ಹತ್ತಿರ ಕಪ್ಪುಹಲಗೆಯ ಮುಂದೆ ನಿಂತ ಮನುಷ್ಯ "ನಾ ಏನು ವ್ಯಾಪಾರ ಮಾಡೀನವ್ವ?" ಎಂದು ನನ್ನನ್ನು ಕೇಳಿದರು. ನನಗೆ ಉತ್ತರ ಕೊಡಲಾಗಲಿಲ್ಲ.

ಇಮೇಲ್ ವಿಳಾಸ ನಮ್ಮ ಮನೆಯಲ್ಲಿ ಯಾರದ್ದೂ ಅಲ್ಲ. ಪಾಲಿಸಿಯನ್ನು ಆ ವಿಳಾಸಕ್ಕೆ ಕಳಿಸಲಾಗಿದೆ ಎಂದು ಕಂಪನಿಯೇ ಪತ್ರದಲ್ಲಿ ಬರೆದಿದೆ. ಅಪ್ಪನ ಬಳಿ ಇದ್ದದ್ದು ಬ್ಯಾಂಕಿನಲ್ಲಿ ಕೊಟ್ಟ ಮೊದಲ ಕಂತಿನ ರಸೀದಿ ಮತ್ತು ಒಂದು ಬಣ್ಣದ ಮಡಿಕೆಪತ್ರ ಮಾತ್ರ. ಕೊನೆಯ ಪುಟದಲ್ಲಿ, ಅರ್ಜಿಯ ವಿಷಯಗಳನ್ನು ಅರ್ಜಿದಾರರಿಗೆ ಅವರ ಭಾಷೆಯಲ್ಲಿ ವಿವರಿಸಿದ್ದೇನೆ ಎಂಬ ಘೋಷಣೆ ಇಂಗ್ಲಿಷ್‌ನಲ್ಲಿದೆ. ವಿವರಿಸಿದೆನೆಂದು ಸಹಿ ಹಾಕಿದವನು ಪಾಲಿಸಿ ಮಾರಿದ ಅದೇ ಯುವಕ. ಅದರ ಕೆಳಗೆ ಅಪ್ಪನ ಕನ್ನಡ ಸಹಿ.

ಶಹಾಪುರ, ಅರ್ಥಶಾಸ್ತ್ರದ ಉಪನ್ಯಾಸಕ

ಮೇಡಂ, ಆ ಇಮೇಲ್ ವಿಳಾಸ ನಿಮಗೆ ಸಿಕ್ಕ ಬಹುದೊಡ್ಡ ಆಧಾರ, ಏಕೆಂದರೆ ಪಾಲಿಸಿ ತಲುಪದಿದ್ದರೆ ಅದನ್ನು ಓದಿ ಹಿಂದಿರುಗಿಸುವ ಅವಧಿ ಆರಂಭವೇ ಆಗಲಿಲ್ಲ ಎಂದು ವಾದಿಸಬಹುದು.

ನಾನು ಹೇಳಬೇಕೆಂದಿರುವುದು ಪರಿಹಾರದ ಮೊತ್ತದ ಬಗ್ಗೆ. ಬ್ರಿಟನ್ನಿನಲ್ಲಿ 1988ರಿಂದಾಚೆಗೆ ಗಣಿ ಕಾರ್ಮಿಕರು, ದಾದಿಯರು, ಶಿಕ್ಷಕರಂಥವರನ್ನು ತಮ್ಮ ಉದ್ಯೋಗದ ಒಳ್ಳೆಯ ಪಿಂಚಣಿಯನ್ನು ಬಿಟ್ಟು ಖಾಸಗಿ ಪಿಂಚಣಿಗೆ ಸೇರುವಂತೆ ಮಾರಾಟಗಾರರು ದೊಡ್ಡ ಪ್ರಮಾಣದಲ್ಲಿ ಪುಸಲಾಯಿಸಿದ್ದರು. 1994ರಿಂದ ಅಲ್ಲಿಯ ನಿಯಂತ್ರಕರು ಅಂಥ ಪ್ರಕರಣಗಳನ್ನು ಮರುಪರಿಶೀಲನೆ ಮಾಡಿಸಿದಾಗ ಹಿಡಿದ ಸೂತ್ರ ಸರಳವಾಗಿತ್ತು: ಸುಳ್ಳು ಸಲಹೆ ಸಿಗದೇ ಇದ್ದಿದ್ದರೆ ಆ ವ್ಯಕ್ತಿ ಯಾವ ಸ್ಥಿತಿಯಲ್ಲಿ ಇರುತ್ತಿದ್ದನೋ ಆ ಸ್ಥಿತಿಗೆ ಅವನನ್ನು ಮರಳಿ ತರಬೇಕು. ನಮ್ಮ ವ್ಯವಸ್ಥೆ ಬೇರೆ, ಆದರೆ ಕೇಳುವಾಗ ಈ ಅಳತೆಗೋಲನ್ನೇ ಹಿಡಿಯಬೇಕು.

2023ರಲ್ಲಿ ನಿಮ್ಮ ತಂದೆಯವರಿಗೆ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ತೆರೆದಿತ್ತು. ಆ ಏಪ್ರಿಲ್‌ನಲ್ಲೇ ಅದರ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತ್ತು, ಬಡ್ಡಿ ಶೇಕಡಾ 8.2. 3 ಲಕ್ಷಕ್ಕೆ ವರ್ಷಕ್ಕೆ 24,600 ರೂಪಾಯಿ, ಮೂರು ತಿಂಗಳಿಗೊಮ್ಮೆ 6,150 ಕೈಗೆ ಬರುತ್ತಿತ್ತು. 2026ರ ಜನವರಿಗೆ ಲೆಕ್ಕ ಹಾಕಿದರೆ ಮೊದಲ ಕಂತಿನ ಮೇಲೆ ಎರಡೂವರೆ ವರ್ಷಕ್ಕೆ 61,500, ಎರಡನೆಯದರ ಮೇಲೆ ಒಂದೂವರೆ ವರ್ಷಕ್ಕೆ 36,900, ಒಟ್ಟು 98,400. ದೂರಿನಲ್ಲಿ 6 ಲಕ್ಷದ ಜೊತೆಗೆ ಈ ಮೊತ್ತವನ್ನೂ ಲೆಕ್ಕ ಸಹಿತ ಬರೆಯಿರಿ. ಕೊಡುವುದು ಬಿಡುವುದು ಅವರ ವಿವೇಚನೆ, ಕೇಳದೇ ಇದ್ದರೆ ಮಾತ್ರ ಖಂಡಿತ ಸಿಗುವುದಿಲ್ಲ.

ಬೀದರ್, ವಕೀಲೆ

ದೂರು ಎರಡು ಪುಟ ಮೀರಬಾರದು. ಕನ್ನಡದಲ್ಲೇ ಬರೆಯಿರಿ, ಅಪ್ಪನವರ ಸಹಿ ಇರಲಿ. ಮೊದಲ ಪ್ಯಾರಾದಲ್ಲಿ ದಿನಾಂಕ, ಮೊತ್ತ, ಏನೆಂದು ಹೇಳಿದರು, ನಿಜವಾಗಿ ಏನು ಎಂಬುದಿರಲಿ. ಎರಡನೆಯದರಲ್ಲಿ ಅರ್ಜಿಯ ಸುಳ್ಳುಗಳು, ಒಂದೊಂದರ ಎದುರಿಗೂ ಸಾಕ್ಷ್ಯ: ವೃತ್ತಿಗೆ ನಿವೃತ್ತಿ ಆದೇಶ, ಆದಾಯಕ್ಕೆ ಪಿಂಚಣಿ ಪಾವತಿ ಆದೇಶ ಮತ್ತು ಪಾಸ್‌ಪುಸ್ತಕ. ಆ ಯುವಕನ ವಿರುದ್ಧ ಕಠಿಣ ಶಬ್ದಗಳು ಬೇಡ. ಕೊನೆಯಲ್ಲಿ ಬೇಡಿಕೆ ಒಂದೇ ವಾಕ್ಯದಲ್ಲಿರಲಿ. ಪಾಲಿಸಿಯನ್ನು ಒಂದೇ ಕಂತಿನ ಪಾಲಿಸಿಯಾಗಿ ಬದಲಿಸಿಕೊಡುತ್ತೇವೆ ಎಂದು ಕಂಪನಿ ರಾಜಿಗೆ ಬರಬಹುದು. ಕೆಲವರಿಗೆ ಅದು ಒಳ್ಳೆಯದು, ಈ ವಯಸ್ಸಿನಲ್ಲಿ ಪಿಂಚಣಿ ಇರುವ ನಿಮ್ಮ ತಂದೆಗೆ ಅಲ್ಲ.

ಜೇವರ್ಗಿ ರಸ್ತೆ, ಕಲಬುರಗಿ

ತಿಂಗಳುಗಳ ನಂತರ ಬರೆಯುತ್ತಿದ್ದೇನೆ. ಕಂಪನಿ ಮೊದಲು ಮೂರು ಸಾಲಿನ ಪತ್ರದಲ್ಲಿ ನಿರಾಕರಿಸಿತು, ಬೀದರ್‌ನ ವಿಮಾ ಪ್ರತಿನಿಧಿಯವರು ಹೇಳಿದಂತೆ ಸಹಿ ಇದೆ ಎಂಬುದೇ ಅದರ ಕಾರಣ. ಒಂಬುಡ್ಸ್‌ಮನ್ ಮುಂದೆ ವಿಚಾರಣೆ ವೀಡಿಯೊದಲ್ಲಿ ನಡೆಯಿತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅರ್ಧ ಗಂಟೆ ಮೊದಲೇ ಕೂತಿದ್ದರು. ಧ್ವನಿಮುದ್ರಣವನ್ನು ಕೇಳಿಸಲಾಯಿತು. ಎರಡು ನಿಮಿಷದ ಕರೆಯಲ್ಲಿ ಆ ಕಡೆಯಿಂದ ಹಿಂದಿಯಲ್ಲಿ ಓಡುವ ಮಾತು, ಈ ಕಡೆಯಿಂದ ಅಪ್ಪನ ಹನ್ನೊಂದು "ಹಾಂ ಜೀ". ಹತ್ತು ವರ್ಷ ಕಟ್ಟಬೇಕು ಎಂಬುದು ಹೇಳಿದ್ದಾರೆಯೇ ಎಂದು ಕೇಳಿದಾಗ ಕಂಪನಿಯ ಪ್ರತಿನಿಧಿ ಹೇಳಿದ್ದಾರೆ ಎಂದರು. ಅದು ಇತ್ತು, ನಿಜ, ಒಂದೇ ಉಸಿರಿನಲ್ಲಿ ಇತರ ಐದು ವಿಷಯಗಳ ನಡುವೆ. ಆದರೆ ವ್ಯಾಪಾರ ಯಾವುದು, 12 ಲಕ್ಷ ಎಲ್ಲಿಂದ ಬಂತು, ಇಮೇಲ್ ಯಾರದ್ದು ಎಂಬ ಮೂರು ಪ್ರಶ್ನೆಗೆ ಅವರ ಬಳಿ ಕಾಗದ ಇರಲಿಲ್ಲ.

ಪಾಲಿಸಿ ರದ್ದಾಗಿ 6 ಲಕ್ಷ ಪೂರ್ತಿ ಹಿಂದಿರುಗಿಸಬೇಕೆಂದು ಆದೇಶವಾಯಿತು. ಬಡ್ಡಿ ಸಿಗಲಿಲ್ಲ. ಆ 98,400ಕ್ಕಾಗಿ ಗ್ರಾಹಕ ಆಯೋಗಕ್ಕೆ ಹೋಗಲು ನಾನು ಸಿದ್ಧಳಿದ್ದೆ, ಈಗಲೂ ಅದು ನ್ಯಾಯವಾಗಿ ನಮ್ಮದೇ ಹಣ ಎಂದು ನಂಬಿದ್ದೇನೆ. ಅಪ್ಪ ಒಪ್ಪಲಿಲ್ಲ, ಮತ್ತೆ ಒಂದೆರಡು ವರ್ಷ ಇದೇ ಕಾಗದಗಳ ಜೊತೆ ಮಲಗಿ ಏಳುವುದು ತಮ್ಮಿಂದಾಗದು ಎಂದರು. ಅವರ ಮಾತಿಗೆ ತಲೆಬಾಗಿದ್ದೇನೆ. ಹಣ ಖಾತೆಗೆ ಬಂದ ವಾರ ಅವರೇ ಅಂಚೆ ಕಚೇರಿಗೆ ಹೋಗಿ, ಅರ್ಜಿಯ ಪ್ರತಿ ಸಾಲನ್ನೂ ಓದಿ, ಎಲ್ಲವನ್ನೂ ತಮ್ಮ ಕೈಯಿಂದಲೇ ತುಂಬಿದರು. ಕೌಂಟರಿನಲ್ಲಿದ್ದ ತಾಯಿ ಮುಕ್ಕಾಲು ಗಂಟೆ ತಾಳ್ಮೆಯಿಂದ ಕಾದರು, ಅವರಿಗೂ ನಮ್ಮ ಶರಣು.

ಯಾದಗಿರಿ

ಅಕ್ಕಾರೆ, ಓದಿ ಮನಸ್ಸು ತುಂಬಿತು. ಚಿಕ್ಕಮ್ಮನ ಅರ್ಜಿಯ ಪ್ರತಿ ನಿನ್ನೆ ಬಂದಿದೆ. ಹೆಬ್ಬೆಟ್ಟಿನ ಪಕ್ಕ ಸಾಕ್ಷಿಯ ಸಹಿ ಇದೆ, ಆದರೆ ಆ ಹೆಸರಿನವರು ಯಾರೆಂದು ನಮಗೆ ಗೊತ್ತಿಲ್ಲ. ಇಂಗ್ಲಿಷ್ ನಮಗೆ ಪೂರ್ತಿ ಬಿಡಿಸಲು ಬರುವುದಿಲ್ಲ.

ಜೇವರ್ಗಿ ರಸ್ತೆ, ಕಲಬುರಗಿ

ಭಾನುವಾರ ಬೆಳಗಿನ ರೈಲಿಗೆ ಚಿಕ್ಕಮ್ಮನವರನ್ನು ಕರೆದುಕೊಂಡು ಬನ್ನಿ, ಊಟ ನಮ್ಮಲ್ಲೇ. ಬ್ಯಾಂಕಿನ ಪಾಸ್‌ಪುಸ್ತಕ ಮತ್ತು ಕಂತಿನ ರಸೀದಿಗಳನ್ನು ಮರೆಯಬೇಡಿ. ಅಪ್ಪ ತಾವೇ ಜೊತೆಗೆ ಕೂತು ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳುತ್ತಾರಂತೆ.